‘ಟಾಪ್ ಮಾಡೆಲ್ ಯಾವುದು?’ ಎಂದು ಕೇಳುವವರಿಗೆ

ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಾಸವಾಗಿದ್ದೇನೆ, ಕಾರುಗಳ ಬ್ರೇಕಿಗೆ ಸಂಬಂಧಿಸಿದ ಕೆಲಸದಲ್ಲಿದ್ದೇನೆ, ಸೆಕೆಂಡ್ ಹ್ಯಾಂಡ್ ಕೊಂಡ ಪೋರ್ಷೆ 911 ಒಂದನ್ನು ಓಡಿಸುತ್ತೇನೆ. ಇಷ್ಟು ತಿಳಿದವರು ಯುಗಾದಿಯ ಊಟಕ್ಕೆ ಕುಳಿತಾಗಲೂ, ರಾಜ್ಯೋತ್ಸವದ ದಿನ ಸಭಾಂಗಣದ ಹೊರಗೆ ನಿಂತಾಗಲೂ, ಬೆಂಗಳೂರಿನಿಂದ ಫೋನ್ ಮಾಡಿದಾಗಲೂ ಕೇಳುವುದು ಒಂದೇ ಪ್ರಶ್ನೆ: ‘911 ತಗೊಳ್ಳೋಣ ಅಂತಿದ್ದೀನಿ, ಅದರಲ್ಲಿ ಟಾಪ್ ಮಾಡೆಲ್ ಯಾವುದು?’ ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಚಿಕ್ಕ ಉತ್ತರ ಇದು: ಹಾಗೆ ಕೇಳಬೇಡಿ. ಹಾಗೆ ಕೇಳಿದವರಿಗೆ ಸರಿಯಾದ ಉತ್ತರ ಕೊಡಲು ಯಾರಿಂದಲೂ ಸಾಧ್ಯವಿಲ್ಲ.

ನಮ್ಮೂರಿನ ಶೋರೂಮುಗಳಲ್ಲಿ ಕಾರು ಕೊಂಡು ಅಭ್ಯಾಸವಾದವರ ಬಾಯಲ್ಲಿ ಈ ಪ್ರಶ್ನೆ ಏಕೆ ಬರುತ್ತದೆಂದು ನನಗೆ ಗೊತ್ತು. ಅಲ್ಲಿ ಕೆಳಗಿನ ವೇರಿಯಂಟಿಗೆ ಸ್ಟೀಲ್ ಚಕ್ರ, ನಡುವಿನದಕ್ಕೆ ಅಲಾಯ್, ಮೇಲಿನದಕ್ಕೆ ಸನ್‌ರೂಫ್ ಇರುತ್ತದೆ. ಕೆಳಗಿನದರಲ್ಲಿ ಇರುವುದೆಲ್ಲ ಮೇಲಿನದರಲ್ಲೂ ಇರುವುದರಿಂದ, ದುಡ್ಡಿದ್ದವರು ಕಣ್ಣುಮುಚ್ಚಿ ಮೇಲಿನದನ್ನು ಕೊಂಡರೂ ನಷ್ಟವೇನಿಲ್ಲ. 911ರ ಲೆಕ್ಕ ಬೇರೆ. 2018ರ ಕೊನೆಯಲ್ಲಿ ಬಂದ 992 ಪೀಳಿಗೆಯನ್ನೇ ನೋಡಿ. 2020ರಲ್ಲಿ ಬಂದ ಟರ್ಬೊ ಎಸ್ ಎಂಬ ಮಾದರಿಯಲ್ಲಿ 650 ಅಶ್ವಶಕ್ತಿಯಿದೆ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತದೆ, ನಿಂತಲ್ಲಿಂದ 100 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ 2.7 ಸೆಕೆಂಡು ಸಾಕು. ಜಿಟಿ3ರಲ್ಲಿ ಇರುವುದು 510 ಅಶ್ವಶಕ್ತಿ ಮಾತ್ರ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ, ಹಿಂದಿನ ಸೀಟೂ ಇಲ್ಲ, ಆದರೆ ಅದರ 4 ಲೀಟರ್ ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ, ಮುಂದಿನ ಸಸ್ಪೆನ್ಶನ್ನಿನ ರಚನೆಯೇ 911ರ ಮಾಮೂಲಿ ಮಾದರಿಯಾದ ಕ್ಯಾರೆರಾದ್ದಕ್ಕಿಂತ ಬೇರೆ. 911ಕ್ಕೆ 60 ವರ್ಷ ತುಂಬಿದ 2023ರಲ್ಲಿ ಬಂದ ಎಸ್/ಟಿ ಎಂಬ ಆವೃತ್ತಿಯನ್ನು 1,963 ಕಾರುಗಳಿಗೆ ಸೀಮಿತಗೊಳಿಸಲಾಯಿತು. ಅದರ ಶಕ್ತಿ 525, ಗೇರು ಕೈಯಲ್ಲೇ ಹಾಕಬೇಕು, ಬೆಲೆ ಮಾತ್ರ ಟರ್ಬೊ ಎಸ್‌ಗಿಂತ ಹೆಚ್ಚು. ಇವುಗಳಲ್ಲಿ ಯಾವುದು ಟಾಪ್? ಮಕ್ಕಳನ್ನು ಶಾಲೆಗೆ ಬಿಡಬೇಕಾದವನಿಗೆ ಜಿಟಿ3 ಉಪಯೋಗಕ್ಕೆ ಬಾರದು. ತಿಂಗಳಿಗೊಮ್ಮೆ ಹೊಕೆನ್‌ಹೈಮ್ ಟ್ರ್ಯಾಕಿಗೆ ಹೋಗುವವನಿಗೆ ಟರ್ಬೊ ಎಸ್ ಭಾರವೆನಿಸೀತು.

ಹೆಸರುಗಳೂ ಗೊಂದಲ ಹೆಚ್ಚಿಸುತ್ತವೆ ಎಂಬುದನ್ನು ಒಪ್ಪುತ್ತೇನೆ. 2015ರ ಪರಿಷ್ಕರಣೆಯಿಂದೀಚೆಗೆ ಕ್ಯಾರೆರಾಗಳಿಗೂ ಟರ್ಬೊ ಎಂಜಿನ್ನೇ ಬರುತ್ತಿರುವುದರಿಂದ, ಕಾರಿನ ಹಿಂದೆ ಬರೆದ ‘ಟರ್ಬೊ’ ಈಗ ಒಂದು ಮಾದರಿಯ ಹೆಸರು ಅಷ್ಟೆ. 2022ರಲ್ಲಿ ಬಂದ ಟಿ ಎಂಬ ಮಾದರಿಗೆ ಮಾಮೂಲಿ ಕ್ಯಾರೆರಾದ ಅಂದಿನ 385 ಅಶ್ವಶಕ್ತಿಯ ಎಂಜಿನ್ನನ್ನೇ ಕೂರಿಸಿ, ತೆಳು ಗಾಜು ಹಾಕಿ, ಸದ್ದು ತಡೆಯುವ ಹೊದಿಕೆಯನ್ನು ಕಡಿಮೆ ಮಾಡಿ, ತೂಕವನ್ನು 35 ಕಿಲೋ ಇಳಿಸಿದ್ದಾರೆ. ಕಡಿಮೆ ಕೊಟ್ಟು ಹೆಚ್ಚು ಹಣ ಕೇಳುತ್ತಾರೆ ಎಂದು ನಗುವವರಿಗೆ ನಾನು ಹೇಳುವುದಿಷ್ಟೇ: ಮಾಮೂಲಿ ಕ್ಯಾರೆರಾಗೆ ಇಲ್ಲದ ಕೈಗೇರು ಅದರಲ್ಲಿದೆ, ಅದು ಬೇಕಾದವರಿಗೆ ಆ ಹಣ ಕೊಡುವುದಕ್ಕೆ ಕಾರಣವೂ ಇದೆ.

ಈ ಪ್ರಶ್ನೆಯಿಂದ ನನಗೆ ನಿಜವಾಗಿ ಸಿಟ್ಟು ಬಂದದ್ದು ಒಬ್ಬ ಗೆಳೆಯನ ಜೊತೆ ಕಾರು ನೋಡಲು ಹೋದ ದಿನ. ಅವನು ಹುಬ್ಬಳ್ಳಿಯವನು, ಬಹಳ ಕಾಲದಿಂದ ಇಲ್ಲೇ ಇದ್ದಾನೆ, ವರ್ಷಗಟ್ಟಲೆ ಉಳಿಸಿದ ಹಣದಲ್ಲಿ 911 ಕೊಳ್ಳಲು ಹೊರಟಿದ್ದ. ಊರ ಹೊರಗಿನ ಮಾರಾಟಗಾರನೊಬ್ಬನ ಅಂಗಳದಲ್ಲಿ ಒಂದು ಬಿಳಿ ಕ್ಯಾರೆರಾ, ಪಕ್ಕದಲ್ಲಿ ಅದಕ್ಕಿಂತ ಹೆಚ್ಚು ಶಕ್ತಿಯ ಒಂದು ಬೂದುಬಣ್ಣದ ಕ್ಯಾರೆರಾ ಎಸ್ ನಿಂತಿದ್ದವು. ಎರಡೂ ಒಂದೇ ಪೀಳಿಗೆಯವು, ಹೆಚ್ಚು ಕಡಿಮೆ ಒಂದೇ ದೂರ ಓಡಿದವು. ಗೆಳೆಯ ಬಾಗಿಲು ತೆರೆಯುವ ಮೊದಲೇ ಮುಂಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಅರೆಗಳ ನಡುವೆ ಬೆರಳು ತೋರಿಸಿದ.

‘ಇದರದ್ದು ಕೆಂಪು ಐತಿ, ಅದರದ್ದು ಕರಿ ಐತಿ. ಕೆಂಪು ಇದ್ದದ್ದ ಛಲೋ ಅಲ್ಲೇನು?’

ಅವನು ತೋರಿಸುತ್ತಿದ್ದುದು ಬ್ರೇಕ್ ಕ್ಯಾಲಿಪರಿನ, ಅಂದರೆ ಬ್ರೇಕ್ ಡಿಸ್ಕನ್ನು ಹಿಡಿದು ಒತ್ತುವ ಭಾಗದ, ಬಣ್ಣವನ್ನು. ಆ ಎರಡು ಕಾರುಗಳಲ್ಲಿ ಕಪ್ಪು ಬಣ್ಣದ ಕ್ಯಾಲಿಪರಿನ ಹಿಂದೆ ಇದ್ದದ್ದು 330 ಮಿಲಿಮೀಟರ್ ಅಗಲದ ಡಿಸ್ಕ್, ಕೆಂಪಿನ ಹಿಂದೆ 350 ಮಿಲಿಮೀಟರಿನದು. ದೊಡ್ಡ ಡಿಸ್ಕ್ ಹೆಚ್ಚು ಶಾಖವನ್ನು ನುಂಗಿಕೊಳ್ಳುತ್ತದೆ. 250ರ ವೇಗದಿಂದ ಮತ್ತೆ ಮತ್ತೆ ಬ್ರೇಕ್ ತುಳಿಯುವವನಿಗೆ, ಟ್ರ್ಯಾಕಿನಲ್ಲಿ ಸುತ್ತು ಹಾಕುವವನಿಗೆ ಅದು ಬಹಳ ಮುಖ್ಯ. ಕಚೇರಿಗೆ ಹೋಗಿ ಬರುವ ದಾರಿಯಲ್ಲಿ ಎರಡು ಡಿಸ್ಕುಗಳೂ ತಣ್ಣಗೇ ಇರುತ್ತವೆ. ನನ್ನ ಜೀವನದ ಕೆಲಸವೇ ಇದಾಗಿರುವುದರಿಂದ ನಾನು ವಿವರಿಸತೊಡಗಿದೆ. ಅವನು ಅರ್ಧದಲ್ಲೇ ತಡೆದು, ‘ಅದೆಲ್ಲಾ ಖರೆ, ಆದ್ರ ಹಿಂದ ಎಸ್ ಅಂತ ಇಲ್ದಿದ್ರ ಮಂದಿ ಏನಂತಾರ?’ ಎಂದ. ಕಾರಿನ ಹಿಂಬದಿಯ ಹೆಸರನ್ನು ಹಾಕದೆಯೇ ಕಾರು ಕೊಡುವಂತೆ ಕಾರ್ಖಾನೆಗೆ ಹೇಳಬಹುದು, ಎಷ್ಟೋ ಜನ ಹಾಗೇ ತರಿಸಿಕೊಳ್ಳುತ್ತಾರೆ ಎಂದು ಹೇಳಿ, ಅವನನ್ನು ಮೊದಲು ಬಿಳಿ ಕಾರಿನಲ್ಲಿ ಕೂರಿಸಿದೆ.

ಎರಡು ವೇರಿಯಂಟುಗಳನ್ನು ಹೋಲಿಸುವುದಾದರೆ ಒಂದೇ ದಿನ, ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದನ್ನು ಓಡಿಸಬೇಕು ಎಂಬುದು ನನ್ನ ಹಟ. ಅಂದು ಹಾಗೆಯೇ ಮಾಡಿದೆವು: ಮೊದಲು ಕಲ್ಲು ಹಾಸಿದ ಊರಿನ ಬೀದಿ, ಆಮೇಲೆ ಶ್ವೇಬಿಷ್ ಆಲ್ಬ್ ಬೆಟ್ಟಗಳ ಕಡೆಯ ತಿರುವುಗಳು, ಕೊನೆಗೆ ಆಟೋಬಾನ್ ಎಂಬ ಇಲ್ಲಿನ ಹೆದ್ದಾರಿಯ ವೇಗಮಿತಿಯಿಲ್ಲದ ತುಂಡು. ಕಲ್ಲಿನ ಬೀದಿಯಲ್ಲಿ ಬಿಳಿ ಕ್ಯಾರೆರಾ ಸ್ಪಷ್ಟವಾಗಿ ಮೆತ್ತಗಿತ್ತು. ಅದರ ಕಾರಣ ಟೈರಿನ ಮೇಲೆಯೇ ಬರೆದಿರುತ್ತದೆ. ಕ್ಯಾರೆರಾದ ಮುಂದಿನ ಟೈರು 235/40, 19 ಇಂಚಿನದು. ಎಸ್‌ನದು 245/35, 20 ಇಂಚಿನದು. ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ಟೈರಿನ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು; ಲೆಕ್ಕ ಹಾಕಿದರೆ ಮೊದಲನೆಯದರ ರಬ್ಬರಿನ ಗೋಡೆ 94 ಮಿಲಿಮೀಟರ್, ಎರಡನೆಯದರದ್ದು ಸುಮಾರು 86. ಆ 8 ಮಿಲಿಮೀಟರ್ ಸೊಂಟಕ್ಕೆ ತಿಳಿಯುತ್ತದೆ. ಬೆಟ್ಟದ ತಿರುವುಗಳಲ್ಲಿ, 100ರ ಮಿತಿಯೊಳಗೆ, ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಗೆಳೆಯನಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಆಟೋಬಾನಿಗೆ ಏರುವ ದಾರಿಯಲ್ಲಿ ಮಾತ್ರ ಎಸ್ ತನ್ನ 450 ಅಶ್ವಶಕ್ತಿಯನ್ನು ಮುಚ್ಚಿಡಲಿಲ್ಲ. ಅದೇ 3 ಲೀಟರಿನ ಎಂಜಿನ್, ಆದರೆ ದೊಡ್ಡ ಟರ್ಬೊಗಳು ಕೊಡುವ ಆ ಎಳೆತ ಬೆನ್ನಿಗೆ ತಾಗಿದಾಗ ಗೆಳೆಯ ಮಾತು ನಿಲ್ಲಿಸಿದ್ದ. ಕಾಗದದ ಮೇಲೆ ಇದು ನಿಂತಲ್ಲಿಂದ 100 ಮುಟ್ಟುವುದರಲ್ಲಿ 4.2 ಸೆಕೆಂಡಿಗೂ 3.7 ಸೆಕೆಂಡಿಗೂ ಇರುವ ಅಂತರ, ಗರಿಷ್ಠ ವೇಗದಲ್ಲಿ 293ಕ್ಕೂ 308ಕ್ಕೂ ಇರುವ ಅಂತರ.

‘ನಿಮ್ಮ ಹತ್ತಿರ ಇರುವುದು ಮಾಮೂಲಿ ಕ್ಯಾರೆರಾ, ಅದಕ್ಕೇ ಅದನ್ನು ಹೊಗಳುತ್ತೀರಿ’ ಎನ್ನುವವರಿದ್ದಾರೆ. ನಾನು ಅದನ್ನು ಕೊಂಡದ್ದು ಎರಡನ್ನೂ ಓಡಿಸಿದ ಮೇಲೆ, ನಾನು ದಿನವೂ ಹೋಗುವ ರಸ್ತೆ ಎಂಥದ್ದೆಂದು ತಿಳಿದು. ಎಸ್ ಕೊಳ್ಳಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಒಂದು ಅಕ್ಷರಕ್ಕಾಗಿ ಕೊಳ್ಳಬೇಡಿ ಎನ್ನುತ್ತೇನೆ, ಅದನ್ನು ಮಾತ್ರ ಎಷ್ಟು ಸಲವಾದರೂ ಹೇಳುತ್ತೇನೆ.

ನನ್ನನ್ನು ಯಾರೂ ಕೇಳದ, ಆದರೆ ಕೇಳಲಿ ಎಂದು ನಾನು ಕಾಯುವ ಪ್ರಶ್ನೆಯೊಂದಿದೆ: ‘ಕೊಂಡ ಮೇಲೆ ಯಾವುದನ್ನು ಸೇರಿಸಲು ಆಗುವುದಿಲ್ಲ?’ ಚಕ್ರ ಬದಲಾಯಿಸಬಹುದು, ಸ್ಪೀಕರ್ ಬದಲಾಯಿಸಬಹುದು, ಬಣ್ಣದ ಮೇಲೆ ಫಿಲ್ಮ್ ಹಾಕಿಸಬಹುದು. ಹಿಂದಿನ ಚಕ್ರಗಳೂ ತಿರುಗುವ ಸ್ಟಿಯರಿಂಗ್ ವ್ಯವಸ್ಥೆಯನ್ನು ಆಮೇಲೆ ಕೂರಿಸುವ ಮಾತು ಬಿಟ್ಟುಬಿಡಿ. ನಿಧಾನವಾಗಿ ಹೋಗುವಾಗ ಹಿಂದಿನ ಚಕ್ರಗಳು ಮುಂದಿನವಕ್ಕೆ ವಿರುದ್ಧವಾಗಿ ತುಸು ಹೊರಳುವುದರಿಂದ ಕಾರು ಇಕ್ಕಟ್ಟಿನಲ್ಲಿ ಸುಲಭವಾಗಿ ತಿರುಗುತ್ತದೆ; ವೇಗ ಹೆಚ್ಚಿದಾಗ ಅವು ಮುಂದಿನವುಗಳ ದಿಕ್ಕಿಗೇ ಹೊರಳಿ ಕಾರನ್ನು ಸ್ಥಿರವಾಗಿಡುತ್ತವೆ. ಕಾರಿನ ಮೂತಿಯನ್ನು ಸುಮಾರು 40 ಮಿಲಿಮೀಟರ್ ಎತ್ತುವ ಲಿಫ್ಟ್ ಕೂಡ ಕಾರ್ಖಾನೆಯಲ್ಲೇ ಬರಬೇಕು. ಒಮ್ಮೆ ಎತ್ತಿದ ಜಾಗವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅದು ತಾನೇ ಎತ್ತುತ್ತದೆ. ಗೇರಿನ ವಿಷಯವೂ ಹಾಗೆಯೇ. 2024ರ ಪರಿಷ್ಕರಣೆಯ ನಂತರ ಕ್ಯಾರೆರಾ ಸಾಲಿನಲ್ಲಿ ಕೈಗೇರು ಟಿಗೆ ಮಾತ್ರ ಉಳಿದಿದೆ, ಅದೇ ಸಾಲಿನಲ್ಲಿ ಎಸ್‌ಗಿಂತ ಮೇಲಿರುವ ಜಿಟಿಎಸ್ 541 ಅಶ್ವಶಕ್ತಿಯ ಹೈಬ್ರಿಡ್ ಆಗಿ ತನ್ನ ಹಿಂದಿನ ರೂಪಕ್ಕಿಂತ 50 ಕಿಲೋ ತೂಕ ಏರಿಸಿಕೊಂಡಿದೆ. ಮುಂದಿನ ಫಲಕದ ನಡುವೆ ನಿಜವಾದ ಮುಳ್ಳಿನಿಂದ ಎಂಜಿನ್ ಸುತ್ತು ತೋರಿಸುತ್ತಿದ್ದ ಗಡಿಯಾರ ಹೋಗಿ ಪೂರ್ತಿ ಪರದೆ ಬಂದಿದೆ. ನನಗೆ ಆ ಮುಳ್ಳು ಬೇಕು. ಅದಕ್ಕಾಗಿಯೇ ಹಳೆಯ 992 ಹುಡುಕುವವರನ್ನು ನಾನು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲೆ.

ಅಂದು ಮರಳಿ ಬರುವಾಗ ಗೆಳೆಯನ ಮನೆಯ ಕೆಳಗಿನ ಪಾರ್ಕಿಂಗಿಗೆ ಇಳಿದೆವು. ಕಡಿದಾದ ಇಳಿಜಾರು, ತಳದಲ್ಲಿ ಕಂಬದ ಪಕ್ಕ ತಟ್ಟನೆ ಬಲಕ್ಕೆ ತಿರುವು. ಅವನ ಹಳೆಯ ಕಾರನ್ನೇ ಎರಡು ಸಲ ಹಿಂದೆ ಮುಂದೆ ಮಾಡಿ ಒಳಗೆ ಹಾಕಬೇಕಾಯಿತು. ಅಂಗಳದಲ್ಲಿದ್ದ ಆ ಎರಡೂ ಕಾರುಗಳಿಗೆ ಲಿಫ್ಟ್ ಇರಲಿಲ್ಲ, ಹಿಂಚಕ್ರ ತಿರುಗುವ ಸ್ಟಿಯರಿಂಗೂ ಇರಲಿಲ್ಲ. ಕೆಲವು ತಿಂಗಳು ಕಾದು ಅವನು ಕೊನೆಗೆ ಕೊಂಡದ್ದು ಕ್ಯಾರೆರಾ ಎಸ್ಸನ್ನೇ, ಏಕೆಂದರೆ ಆ ಸ್ಟಿಯರಿಂಗ್ ಮಾಮೂಲಿ ಕ್ಯಾರೆರಾಗೆ ಸಿಗುವುದಿಲ್ಲ. ಅದರ ಮಾರಾಟಗಾರನಿಂದ ಚಾಸಿ ಸಂಖ್ಯೆಯ ಪ್ರಕಾರದ ಪೂರ್ತಿ ಸಲಕರಣೆಗಳ ಪಟ್ಟಿಯನ್ನು ತರಿಸಿಕೊಂಡು, ಒಂದೊಂದನ್ನೂ ಕಾರಿನಲ್ಲಿ ಒತ್ತಿ ನೋಡಿ ಕೊಂಡ.

ಬೆಂಗಳೂರಿನಿಂದ ಕೇಳುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. 911 ಭಾರತಕ್ಕೆ ಪೂರ್ತಿ ತಯಾರಾಗಿಯೇ ಹಡಗಿನಲ್ಲಿ ಬರುವುದರಿಂದ ಕಾರ್ಖಾನೆಯಲ್ಲಿ ಸೇರಿಸಿದ ಪ್ರತಿಯೊಂದಕ್ಕೂ ಆಮದು ಸುಂಕ ಬೀಳುತ್ತದೆ, ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ. ಹಾಗಾಗಿ ಬೇಡದ ಒಂದು ಆಯ್ಕೆ ಇಲ್ಲಿಗಿಂತ ಅಲ್ಲಿ ಬಹಳ ದುಬಾರಿ, ಬೇಕಾದದ್ದನ್ನು ಬಿಟ್ಟರೆ ಆಗುವ ನಷ್ಟವೂ ಅಷ್ಟೇ ದೊಡ್ಡದು. ಸೆರಾಮಿಕ್ ಬ್ರೇಕಿನ ಹಳದಿ ಕ್ಯಾಲಿಪರಿಗೆ ಮನಸೋತು ಲಿಫ್ಟನ್ನು ಬಿಟ್ಟವರು ಲೇಔಟಿನ ಮೊದಲ ಹಂಪಿನಲ್ಲೇ ಕಾರಿನ ಹೊಟ್ಟೆ ಉಜ್ಜುವ ಸದ್ದು ಕೇಳಬೇಕಾಗುತ್ತದೆ. ಹಳ್ಳಬಿದ್ದ ರಸ್ತೆಗಳಿಗೆ ಚಕ್ರ ಚಿಕ್ಕದಾದಷ್ಟೂ, ಟೈರಿನ ಗೋಡೆ ಎತ್ತರವಾದಷ್ಟೂ ಒಳ್ಳೆಯದು. ಶೋರೂಮಿನ ದೀಪದ ಕೆಳಗೆ ದೊಡ್ಡ ಚಕ್ರ ಎಷ್ಟೇ ಚೆಂದ ಕಂಡರೂ ಈ ಮಾತು ಬದಲಾಗುವುದಿಲ್ಲ.

ಇನ್ನು ಮುಂದೆ ನನ್ನನ್ನು ಕೇಳುವವರು ಮೂರು ವಿಷಯ ಬರೆದು ಕಳುಹಿಸಿ: ದಿನವೂ ಯಾವ ರಸ್ತೆಯಲ್ಲಿ ಹೋಗುತ್ತೀರಿ, ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ, ಕಾರು ನಿಲ್ಲಿಸುವ ಜಾಗಕ್ಕೆ ಇಳಿಯುವ ದಾರಿ ಎಷ್ಟು ಕಡಿದು. ಇವುಗಳ ಜೊತೆ ನೀವು ನೋಡಿಟ್ಟಿರುವ ಕಾರಿನ ಸಲಕರಣೆಗಳ ಪಟ್ಟಿಯೂ ಇದ್ದರೆ, ಸಾಲು ಸಾಲಾಗಿ ಓದಿ ಉತ್ತರ ಬರೆಯುತ್ತೇನೆ.