ಕೆಂಪು ಬಲಗೈ, ಹಳದಿ ಎಡಗೈ

"ಡಾಕ್ಟ್ರೇ, ಹೃದಯ ಬಲಗಡೆ ಇದೆಯೋ, ವೈರ್ ಅದಲುಬದಲಾಗಿದೆಯೋ? ಮೊದಲು ಅದನ್ನ ನೋಡಿ."

ಸಿಸ್ಟರ್ ಹೇಳಿದ ಈ ಮಾತು ಮಂಗಳವಾರ ರಾತ್ರಿಯಿಂದ ಕಿವಿಯಲ್ಲೇ ಕೂತಿದೆ. ಹಲ್ಲುಜ್ಜುವಾಗಲೂ ಕೇಳಿಸುತ್ತದೆ.

ಇಂಟರ್ನ್‌ಶಿಪ್‌ನ ಎರಡನೇ ತಿಂಗಳು. ಇಸಿಜಿ ಓದೋದು ಈಗಷ್ಟೇ ಕೈಗೆ ಹತ್ತುತ್ತಿದೆ. ಇಸಿಜಿ ಕಾಗದದ ಪಟ್ಟಿಯಲ್ಲಿ ಸಣ್ಣ ಚೌಕ ಅಂದರೆ 0.04 ಸೆಕೆಂಡ್, ದೊಡ್ಡದು 0.2. ಎರಡು ಆರ್ ಅಲೆಗಳ, ಅಂದರೆ ಬಡಿತಕ್ಕೊಂದರಂತೆ ಏಳುವ ಚೂಪು ಶಿಖರಗಳ ನಡುವೆ ಎಷ್ಟು ದೊಡ್ಡ ಚೌಕ ಇವೆ ಅಂತ ಎಣಿಸಿ, 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ನಾಲ್ಕು ಚೌಕ ಇದ್ದರೆ 75. ಹೊಸದಾಗಿ ಮಗ್ಗಿ ಕಲಿತ ಮಗುವಿನ ಹಾಗೆ ಸಿಕ್ಕ ಪಟ್ಟಿಯನ್ನೆಲ್ಲ ಸುಮ್ನೆ ಎಣಿಸುತ್ತಾ ಕೂರುತ್ತೇನೆ. ನಮ್ಮ ಪಿಜಿ ಸರ್ ಅರೆಕ್ಷಣ ನೋಡಿ "ನಾರ್ಮಲ್" ಅಂತ ಎಸೆಯುತ್ತಾರೆ. ಅವರಿಗೆ ಗೊತ್ತು, ಸರಿ. ಹೇಳಿಕೊಡಲು ಮಾತ್ರ ಬಾಯಿ ನೋಯುತ್ತದೆ.

ಆ ರಾತ್ರಿ ಎದೆ ಉರಿ ಅಂತ ಬಂದ ಅಜ್ಜನಿಗೆ ಕ್ಲಿಪ್ ಹಾಕಿದವಳು ನಾನೇ. ಪಟ್ಟಿ ನೋಡಿದರೆ ಲೀಡ್ 1ರಲ್ಲಿ, ಅಂದರೆ ಎರಡು ಕೈಗಳ ನಡುವೆ ದಾಖಲಾಗುವ ಗೆರೆಯಲ್ಲಿ, ಬಡಿತದ ಮೊದಲ ಸಣ್ಣ ಅಲೆ ಪಿಯೂ ನಂತರದ ಚೂಪು ಅಲೆ ಕ್ಯುಆರ್‌ಎಸ್ಸೂ ತಲೆಕೆಳಗು. ಹೃದಯವನ್ನು ಬಲಗೈ ಕಡೆಯಿಂದ ನೋಡುವ, ಸಾಮಾನ್ಯವಾಗಿ ಕೆಳಮುಖವಾಗಿರುವ ಎವಿಆರ್ ಲೀಡ್ ಎದ್ದು ನಿಂತಿದೆ. ಪುಸ್ತಕದಲ್ಲಷ್ಟೇ ಕಂಡಿದ್ದು! "ಸಿಸ್ಟರ್, ಡೆಕ್ಸ್ಟ್ರೋಕಾರ್ಡಿಯಾ! ಇವರ ಹಾರ್ಟ್ ಬಲಗಡೆ ಇದೆ!" ಅಜ್ಜನ ಮುಂದೆಯೇ ಕೂಗಿಬಿಟ್ಟೆ.

ಡ್ರಿಪ್ ಸರಿಮಾಡುತ್ತಿದ್ದ ಸಿಸ್ಟರ್ ತಿರುಗದೆಯೇ ಆ ಮಾತು ಹೇಳಿದರು.

ಕೆಂಪು ಕ್ಲಿಪ್ ಎಡಗೈಯಲ್ಲಿ, ಹಳದಿ ಬಲಗೈಯಲ್ಲಿ. ಅಜ್ಜನ ಎದುರು ನಿಂತು ನನ್ನ ಬಲವನ್ನೇ ಅವರ ಬಲ ಅಂದುಕೊಂಡಿದ್ದೆ. ಎದೆಯ ಲೀಡ್‌ಗಳನ್ನಾದರೂ ನೋಡಬಾರದಿತ್ತಾ? ಹೃದಯ ನಿಜಕ್ಕೂ ಬಲಗಡೆ ಇದ್ದರೆ ಆ ಆರು ಲೀಡ್‌ಗಳಲ್ಲಿ ವಿ1ರಿಂದ ವಿ6ಕ್ಕೆ ಹೋಗುತ್ತಾ ಆರ್ ಅಲೆ ಕುಗ್ಗುತ್ತದೆ. ಇಲ್ಲಿ ಅದು ಮೆಟ್ಟಿಲು ಹತ್ತಿದ ಹಾಗೆ ಬೆಳೆದಿತ್ತು. ಇಸಿಜಿಗಾಗಿ 1924ರಲ್ಲಿ ನೊಬೆಲ್ ಪಡೆದ ಐಂಥೋವೆನ್, ಕ್ಲಿಪ್ ಬದಲು ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸುತ್ತಿದ್ದರಂತೆ. ನಾನಿದ್ದಿದ್ದರೆ ಪಾತ್ರೆಗಳನ್ನೂ ಅದಲುಬದಲು ಮಾಡುತ್ತಿದ್ದೆ.

ಸಿಸ್ಟರ್ ಪಟ್ಟಿಯತ್ತ ಕಣ್ಣೂ ಹಾಯಿಸಿರಲಿಲ್ಲ. ವರ್ಷಾ ವರ್ಷಾ ನನ್ನಂಥವರ ಹಿಂಡನ್ನೇ ನೋಡುತ್ತಾರಲ್ವಾ! ತಪ್ಪು ಮಾಡಿದ್ದಕ್ಕಿಂತ ಜಾಸ್ತಿ ಚುಚ್ಚುತ್ತಿರುವುದು ನನ್ನ ಆ ಖುಷಿ. ಎದೆ ಹಿಡಿದುಕೊಂಡು ಬಂದ ಮನುಷ್ಯನ ಎದುರು ನಾನು ಲಾಟರಿ ಹೊಡೆದವಳ ಹಾಗೆ ಕುಣಿದಿದ್ದೆ. ಅವರ ಮುಖ ಆಗ ಹೇಗಿತ್ತು ಅಂತ ನೆನಪು ಮಾಡಿಕೊಂಡರೂ ಬರುತ್ತಿಲ್ಲ. ಎವಿಆರ್ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಕ್ಲಿಪ್ ಬದಲಿಸಿ ಮತ್ತೆ ತೆಗೆದೆ. ನಾರ್ಮಲ್.

ಬೆಳಿಗ್ಗೆ ರೌಂಡ್ಸ್‌ಗೆ ಹೋದಾಗ ಅಜ್ಜ ಬಲ ಎದೆಯ ಮೇಲೆ ಕೈಯಿಟ್ಟು ಪಕ್ಕದ ಬೆಡ್‌ನವರಿಗೆ ಹೇಳುತ್ತಿದ್ದರು: "ನಂದು ಈ ಕಡೆ ಐತಂತೆ. ರಾತ್ರಿ ಡಾಕ್ಟ್ರಮ್ಮ ಕಂಡುಹಿಡಿದ್ರು."

ಎರಡು ಸಲ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಕೈ ಮಾತ್ರ ಅಲ್ಲಿಂದ ಕದಲಲಿಲ್ಲ.