ಮಳೆಗಾಲದ ಕೊನೆಯ ಅಗ್ಗದ ಕಸಿ ಗಿಡ: ಬೇರು ನೋಡಿ ಕೊಳ್ಳಿ

ಮುಂಗಾರು ಮುಗಿಯುತ್ತ ಬಂದಂತೆ ನರ್ಸರಿಗಳು ಉಳಿದ ಮಾವು, ಸಪೋಟ ಕಸಿ ಗಿಡಗಳನ್ನು ಕಡಿಮೆ ಬೆಲೆಗೆ ಬಿಡುತ್ತವೆ. ನಾಲ್ಕು ಎಲೆ ಹರಿದಿದ್ದರೆ ಚಿಂತೆಯಿಲ್ಲ, ಬೇರು ನೋಡಿ. ಚೀಲದಲ್ಲೇ ವರ್ಷ ಕಳೆದ ಗಿಡದ ಬೇರು ತಳದಲ್ಲಿ ಸುರುಳಿ ಸುತ್ತಿರುತ್ತದೆ. ಹಾಗೇ ನೆಟ್ಟರೆ ಅದು ದಪ್ಪವಾಗಿ ಬುಡವನ್ನೇ ಬಿಗಿಯುತ್ತದೆ. ಬೆಳೆದ ಮರ ಗಾಳಿಗೆ ವಾಲುತ್ತದೆ. ಸುರುಳಿ ತೆಳುವಾಗಿದ್ದರೆ ತಳದ 1 ಇಂಚು ಕತ್ತರಿಸಿ, ಬದಿಯಲ್ಲಿ 3 ಕಡೆ ಚಾಕುವಿನಿಂದ ಉದ್ದಕ್ಕೆ ಗೀರಿ ನೆಡಿ. ಹೆಬ್ಬೆರಳು ದಪ್ಪದ ಬೇರೇ ಸುತ್ತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕಸಿ ಗಂಟಿನ, ಅಂದರೆ ಎರಡು ಗಿಡ ಕೂಡಿಸಿದ ಜಾಗದ, ಪ್ಲಾಸ್ಟಿಕ್ ಪಟ್ಟಿ ಹಳೆ ಗಿಡಗಳಲ್ಲಿ ಎಷ್ಟೋ ಸಲ ಹಾಗೇ ಉಳಿದು ತೊಗಟೆ ಕೊರೆದಿರುತ್ತದೆ; ಬಿಚ್ಚಿಬಿಡಿ. ಗಂಟಿನ ಕೆಳಗಿನ ಚಿಗುರು ಕಾಟು ಗಿಡದ್ದು (ಕಸಿಗೆ ಬೇರಾಗಿ ಬಳಸಿದ ಗಿಡ), ಚಿವುಟಿ. ಗಂಟು ಮಣ್ಣಿನ ಮೇಲೇ ಇರಲಿ. ಮಳೆ ನಿಂತ ಮೇಲೆ ವಾರಕ್ಕೆ 2 ಸಲ 10 ಲೀಟರ್ ನೀರು, ಬುಡದ ಸುತ್ತ ದರಗು (ಒಣ ಎಲೆ).