136/88 ಬಂದ ಚೀಟಿಯಲ್ಲಿ ‘ನಾರ್ಮಲ್’ ಎಂದು ಬರೆಯಬಾರದು

ನಮ್ಮ ಬಡಾವಣೆಯಲ್ಲಿ ಆಗಾಗ ನಡೆಯುವ ಆರೋಗ್ಯ ಶಿಬಿರಗಳಲ್ಲಿ ಬಂದವರ ಹೆಸರು, ವಯಸ್ಸು, ಬಿಪಿ ಬರೆದುಕೊಳ್ಳುವ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತದೆ. ನಾನು ವೈದ್ಯನಲ್ಲ, ಆದರೆ ಅಂಕಿಗಳನ್ನು ಕೈಯಾರೆ ಬರೆಯುವವನಿಗೆ ಕಾಣುವ ಕೆಲವು ಸಂಗತಿಗಳು ಅವಸರದಲ್ಲಿರುವ ವೈದ್ಯರಿಗೆ ಕಾಣದೆ ಹೋಗಬಹುದು. ಮೇಲಿನ ಸಂಖ್ಯೆ 160 ದಾಟಿದವರನ್ನು ಪಕ್ಕಕ್ಕೆ ಕೂರಿಸಿ ಮಾತನಾಡಿಸುತ್ತಾರೆ, ಆಸ್ಪತ್ರೆಗೆ ಹೋಗಲು ಚೀಟಿ ಬರೆದುಕೊಡುತ್ತಾರೆ. ಉಳಿದವರೆಲ್ಲರ ಚೀಟಿಯ ಮೇಲೂ ‘ನಾರ್ಮಲ್’ ಎಂಬ ಒಂದೇ ಮಾತು ಬೀಳುತ್ತದೆ. 112/72 ಇರುವ ಹುಡುಗಿಗೂ ಅದೇ, 136/88 ಇರುವ ನಲವತ್ತರ ಗೃಹಸ್ಥನಿಗೂ ಅದೇ. ಆ ಗೃಹಸ್ಥ ಚೀಟಿಯನ್ನು ಜೇಬಿಗಿಟ್ಟುಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ, ಮತ್ತೆ ಎಷ್ಟೋ ವರ್ಷ ಬಿಪಿ ನೋಡಿಸಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಈ ಬರಹ ಅಂಥವರ ಬಗ್ಗೆ, ಮತ್ತು ಅಂಥವರು ನಮ್ಮ ನಡುವೆ ಎಷ್ಟು ಜನ ಇದ್ದಾರೆ ಎಂಬುದರ ಬಗ್ಗೆ.

2003ರಲ್ಲಿ ಅಮೆರಿಕದ ತಜ್ಞರ ಜಂಟಿ ರಾಷ್ಟ್ರೀಯ ಸಮಿತಿಯು ತನ್ನ ಏಳನೆಯ ವರದಿಯಲ್ಲಿ, ಮೇಲಿನ ಸಂಖ್ಯೆ 120ರಿಂದ 139ರ ನಡುವೆ ಅಥವಾ ಕೆಳಗಿನ ಸಂಖ್ಯೆ 80ರಿಂದ 89ರ ನಡುವೆ ಇರುವ ಸ್ಥಿತಿಯನ್ನು ಪ್ರೀಹೈಪರ್‌ಟೆನ್ಶನ್, ಅಂದರೆ ಅಧಿಕ ರಕ್ತದೊತ್ತಡದ ಪೂರ್ವಹಂತ, ಎಂದು ಪ್ರತ್ಯೇಕವಾಗಿ ಗುರುತಿಸಿತು. 2017ರಲ್ಲಿ ಅಲ್ಲಿಯ ಹೃದ್ರೋಗ ಸಂಸ್ಥೆಗಳು ಆ ವಿಂಗಡಣೆಯನ್ನೇ ಬದಲಿಸಿ, 130/80ರಿಂದಲೇ ಅಧಿಕ ರಕ್ತದೊತ್ತಡದ ಮೊದಲ ಹಂತ ಆರಂಭವಾಗುತ್ತದೆ ಎಂದವು. ನಮ್ಮ ದೇಶದಲ್ಲಿ ಈಗಲೂ 140/90 ಎಂಬುದೇ ಚಾಲ್ತಿಯಲ್ಲಿರುವ ಗಡಿ. ಗಡಿಯನ್ನು ಎಲ್ಲಿ ಎಳೆಯಬೇಕೆಂಬ ಚರ್ಚೆಯನ್ನು ತಜ್ಞರಿಗೆ ಬಿಡೋಣ. ಗಡಿಯ ಈಚೆಗಿರುವವರಿಗೆ ತಾವು ಅದಕ್ಕೆ ಎಷ್ಟು ಹತ್ತಿರದಲ್ಲಿದ್ದೇವೆ ಎಂಬುದಂತೂ ತಿಳಿದಿರಬೇಕು.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಶೇ. 21ರಷ್ಟು ಮತ್ತು ಪುರುಷರಲ್ಲಿ ಶೇ. 24ರಷ್ಟು ಜನರಿಗೆ ಅಧಿಕ ರಕ್ತದೊತ್ತಡ ಇದೆ. ಇದರಲ್ಲಿ ಅದಕ್ಕಾಗಿ ಮಾತ್ರೆ ತೆಗೆದುಕೊಳ್ಳುತ್ತಿರುವವರೂ ಸೇರಿದ್ದಾರೆ. ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಈ ಅಂಕಿಯೇ. ಅದೇ ಸಮೀಕ್ಷೆಯಲ್ಲಿ ಪೂರ್ವಹಂತದಲ್ಲಿ ಇರುವವರ ಲೆಕ್ಕವೂ ಇದೆ: ಮಹಿಳೆಯರಲ್ಲಿ ಶೇ. 39, ಪುರುಷರಲ್ಲಿ ಶೇ. 49. ಎರಡನ್ನೂ ಕೂಡಿಸಿದರೆ, ಹದಿನೈದು ದಾಟಿದ ಪುರುಷರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ರಕ್ತದೊತ್ತಡ ಸರಿಯಾದ ಮಟ್ಟದಲ್ಲಿದೆ ಎಂದಾಯಿತು. ಸಮೀಕ್ಷೆಯವರು ಮನೆಗೆ ಬಂದು ಒಂದೇ ಭೇಟಿಯಲ್ಲಿ ಅಳೆದ ಅಂಕಿಗಳಿವು. ಬೇರೆ ಬೇರೆ ದಿನ ಅಳೆದಿದ್ದರೆ ಪ್ರಮಾಣ ಸ್ವಲ್ಪ ಇಳಿಯುತ್ತಿತ್ತೇನೋ, ಆದರೆ ಒಟ್ಟು ಚಿತ್ರ ಬದಲಾಗುತ್ತಿರಲಿಲ್ಲ. ಪೂರ್ವಹಂತವೆಂಬುದು ನಮ್ಮಲ್ಲಿ ಅಪರೂಪದ ಸ್ಥಿತಿಯಲ್ಲ, ಬಹಳಷ್ಟು ಜನರ ಸ್ಥಿತಿ. ಇಷ್ಟೊಂದು ಜನರಿಗೆ ಇರುವುದರಿಂದಲೇ ಅದು ಸಹಜವೆಂದು ತೋರುತ್ತದೆ, ಅಪಾಯವಿರುವುದೂ ಅಲ್ಲಿಯೇ.

ಅಪಾಯ ಎಷ್ಟು ಎಂಬ ಪ್ರಶ್ನೆಗೆ ಉತ್ತರಗಳು ಬಹಳ ಹಿಂದೆಯೇ ಸಿಕ್ಕಿವೆ. ಸುಮಾರು ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ, 40ರಿಂದ 69 ವಯಸ್ಸಿನವರಲ್ಲಿ ರಕ್ತದೊತ್ತಡವು 115/75ರಿಂದ ಮೇಲಕ್ಕೆ ಪ್ರತಿ 20/10 ಏರಿದಾಗಲೂ ಪಾರ್ಶ್ವವಾಯು ಮತ್ತು ಹೃದಯಾಘಾತದಿಂದ ಸಾಯುವ ಸಂಭವ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂದು ಕಂಡುಬಂತು. 140ರಲ್ಲಿ ದಿಢೀರನೆ ಆರಂಭವಾಗುವ ಅಪಾಯ ಇದಲ್ಲ. ಬಹಳ ಕೆಳಗಿನಿಂದಲೇ ಸದ್ದಿಲ್ಲದೆ ಏರುತ್ತಾ ಬರುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ನಡೆಯುತ್ತಿರುವ ಅಧ್ಯಯನದ ಒಂದು ಫಲಿತಾಂಶವಂತೂ ಪೂರ್ವಹಂತದಲ್ಲಿರುವ ಪ್ರತಿಯೊಬ್ಬರಿಗೂ ತಿಳಿಯಬೇಕು. 65 ವರ್ಷದೊಳಗಿನವರಲ್ಲಿ, 120/80ಕ್ಕಿಂತ ಕಡಿಮೆ ಇದ್ದವರ ಪೈಕಿ ನಾಲ್ಕು ವರ್ಷಗಳಲ್ಲಿ ಅಧಿಕ ರಕ್ತದೊತ್ತಡಕ್ಕೆ ಒಳಗಾದವರು ಸುಮಾರು ಶೇ. 5, 120ರಿಂದ 129ರ ನಡುವೆ ಇದ್ದವರಲ್ಲಿ ಸುಮಾರು ಶೇ. 18; 130ರಿಂದ 139ರ ನಡುವೆ ಇದ್ದವರಲ್ಲಿ ಶೇ. 37. ಅಂದರೆ ಶಿಬಿರದಲ್ಲಿ ‘ನಾರ್ಮಲ್’ ಎಂಬ ಚೀಟಿ ಪಡೆದ ಆ 136ರ ಗೃಹಸ್ಥನಂಥ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಾಲ್ಕೇ ವರ್ಷಗಳಲ್ಲಿ ಗಡಿ ದಾಟುತ್ತಾರೆ.

ಹಾಗಾದರೆ ರಕ್ತದೊತ್ತಡವನ್ನು ಮೇಲಕ್ಕೆ ತಳ್ಳುವುದು ಯಾವುದು? ಮೊದಲು ಹೇಳಬೇಕಾದದ್ದು ವಯಸ್ಸು, ಆದರೆ ಅದರ ಬಗ್ಗೆಯೇ ನಮ್ಮಲ್ಲಿ ದೊಡ್ಡ ತಪ್ಪುಕಲ್ಪನೆ ಇದೆ. ‘ವಯಸ್ಸಾಯಿತು, ಬಿಪಿ ಬಂದೇ ಬರುತ್ತದೆ’ ಎನ್ನುವುದು ಮನೆಮನೆಯ ಮಾತು. 1988ರಲ್ಲಿ ಪ್ರಕಟವಾದ, 32 ದೇಶಗಳ 52 ಕೇಂದ್ರಗಳಲ್ಲಿ ಉಪ್ಪು ಮತ್ತು ರಕ್ತದೊತ್ತಡದ ಬಗ್ಗೆ ನಡೆದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಬ್ರೆಜಿಲ್‌ನ ಕಾಡಿನ ಯಾನೊಮಾಮಿ ಜನರೂ ಇದ್ದರು. ಉಪ್ಪನ್ನು ಬಳಸದೆಯೇ ಬದುಕುವ ಆ ಜನರಲ್ಲಿ ಮೇಲಿನ ಸಂಖ್ಯೆಯ ಸರಾಸರಿ 100ಕ್ಕಿಂತ ಕಡಿಮೆ ಇತ್ತು, ಮತ್ತು ವಯಸ್ಸಾದಂತೆ ಅದು ಏರುತ್ತಿರಲಿಲ್ಲ. ಇನ್ನೊಂದು ನಿದರ್ಶನ ನಮಗೆ ಇನ್ನೂ ಹತ್ತಿರದ್ದೆಂದು ನನಗೆ ಅನ್ನಿಸುತ್ತದೆ. ಕೆನ್ಯಾದ ಲುವೋ ಸಮುದಾಯದವರು ಹಳ್ಳಿಯಿಂದ ನೈರೋಬಿ ನಗರಕ್ಕೆ ವಲಸೆ ಬಂದಾಗ ಏನಾಗುತ್ತದೆ ಎಂದು ಸಂಶೋಧಕರು ಅಳೆದು ನೋಡಿದರು. ಬಂದ ಕೆಲವೇ ವಾರಗಳಲ್ಲಿ, ಹಳ್ಳಿಯಲ್ಲೇ ಉಳಿದವರಿಗಿಂತ ಅವರ ರಕ್ತದೊತ್ತಡ ಹೆಚ್ಚಾಗಿತ್ತು. ಮೂತ್ರದಲ್ಲಿ ಸೋಡಿಯಂ ಏರಿತ್ತು, ಪೊಟ್ಯಾಸಿಯಂ ಇಳಿದಿತ್ತು. ಅದೇ ಜನ, ಅದೇ ವಂಶ. ಬದಲಾದದ್ದು ಊರು, ಊಟ, ಬದುಕಿನ ರೀತಿ ಮಾತ್ರ. ಹಾವೇರಿಯಿಂದಲೋ ಯಾದಗಿರಿಯಿಂದಲೋ ಬೆಂಗಳೂರಿಗೆ ಬಂದು, ಹೊಲದ ದುಡಿಮೆ ಬಿಟ್ಟು ದಿನವಿಡೀ ಕುಳಿತು ಕೆಲಸ ಮಾಡುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ.

ಉಪ್ಪಿನ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಭಾರತೀಯರು ಸರಾಸರಿ ಸುಮಾರು 8 ಗ್ರಾಂ ತಿನ್ನುತ್ತೇವೆ. ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಿನ ಉಪ್ಪು ಕಾರ್ಖಾನೆಯಲ್ಲಿ ತಯಾರಾದ ಆಹಾರದಿಂದ ಬರುತ್ತದೆ. ನಮ್ಮಲ್ಲಿ ಅದರ ದೊಡ್ಡ ಪಾಲು ಮನೆಯ ಅಡುಗೆಯಿಂದಲೇ ಬರುತ್ತದೆ. ನಮ್ಮ ಒಂದು ಹೊತ್ತಿನ ಊಟವನ್ನೇ ನೋಡೋಣ. ಸಾರಿಗೆ, ಪಲ್ಯಕ್ಕೆ ಉಪ್ಪು ಬಿದ್ದಿರುತ್ತದೆ. ಎಲೆಯ ತುದಿಯಲ್ಲಿ ಉಪ್ಪಿನಕಾಯಿ, ಪಕ್ಕದಲ್ಲಿ ಹಪ್ಪಳ. ಹಪ್ಪಳದ ಹಿಟ್ಟಿಗೆ ಉಪ್ಪಿನ ಜೊತೆಗೆ ಹಾಕುವ ಹಪ್ಪಳದ ಖಾರವೂ (ಮೆಣಸಿನ ಖಾರವಲ್ಲ, ಒಂದು ಬಗೆಯ ಸೋಡಾ) ಸೋಡಿಯಮ್ಮೇ. ಕೊನೆಗೆ ಮಜ್ಜಿಗೆ ಅನ್ನಕ್ಕೆ ಇನ್ನೊಂದು ಚಿಟಿಕೆ ಉಪ್ಪು, ನೆಂಚಿಕೊಳ್ಳಲು ಕರಿದ ಬಾಳಕದ ಮೆಣಸಿನಕಾಯಿ. ಒಂದೊಂದೂ ಸ್ವಲ್ಪವೇ ಎನ್ನಿಸುತ್ತದೆ, ಒಟ್ಟು ಮಾತ್ರ ಮಿತಿಯನ್ನು ಯಾವಾಗಲೋ ದಾಟಿರುತ್ತದೆ. ಸೈಂಧವ ಲವಣ ಬಳಸಿದರೆ ಬಿಪಿ ಏರುವುದಿಲ್ಲವೆಂದು ನಂಬಿದವರು ಬಹಳ ಜನ ಇದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡ್ ಆದ್ದರಿಂದ ಬಣ್ಣ ಬೇರೆಯಾದರೂ ಪರಿಣಾಮ ಬೇರೆಯಲ್ಲ. ಸೋಡಿಯಂ ಹೆಚ್ಚಾದಾಗ ಮೂತ್ರಪಿಂಡಗಳು ಅದನ್ನು ಹೊರಹಾಕಲು ಹೆಣಗುತ್ತವೆ, ದೇಹದಲ್ಲಿ ನೀರು ಉಳಿಯುತ್ತದೆ, ಕಾಲಕ್ರಮೇಣ ರಕ್ತನಾಳಗಳ ಗೋಡೆ ಬಿಗಿಯಾಗುತ್ತದೆ. ಸೊಪ್ಪು, ಕಾಳು, ಬಾಳೆಹಣ್ಣು, ಎಳನೀರಿನಲ್ಲಿರುವ ಪೊಟ್ಯಾಸಿಯಂ ಆ ಸೋಡಿಯಂ ಹೊರಹೋಗಲು ನೆರವಾಗುತ್ತದೆ. ಬಸ್ಸಾರಿನ ಸೊಪ್ಪು ಮತ್ತು ಕಾಳನ್ನು ನಾವು ಬಡವರ ಊಟವೆಂದು ಬಿಟ್ಟು ಬೇಕರಿಯ ಪಫ್ಸ್ ಮತ್ತು ಖಾರಾ ಬನ್ನಿನ ಕಡೆಗೆ ತಿರುಗಿದ್ದೇವೆ, ಇದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ತೂಕ ಮತ್ತು ಸೊಂಟದ ಸುತ್ತಳತೆ ಉಪ್ಪಿನಷ್ಟೇ ಮುಖ್ಯ. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರುವುದರಿಂದ, ಸೊಂಟದ ಸುತ್ತಳತೆಯ ಮಿತಿಯನ್ನು ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಎಂದು ಇಟ್ಟಿದ್ದಾರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ತಮ್ಮನ್ನು ದಪ್ಪಗಿರುವವರ ಸಾಲಿಗೆ ಸೇರಿಸಿಕೊಳ್ಳುವುದೇ ಇಲ್ಲ. ಒಂದು ಕಿಲೋ ತೂಕ ಇಳಿದರೆ ಮೇಲಿನ ಸಂಖ್ಯೆ ಸರಾಸರಿ ಒಂದರಷ್ಟು ಇಳಿಯುತ್ತದೆ ಎಂಬುದು ಹಲವು ಪ್ರಯೋಗಗಳ ಒಟ್ಟು ಲೆಕ್ಕ. ತಂದೆ ತಾಯಿಗೆ ಅಧಿಕ ರಕ್ತದೊತ್ತಡ ಇದ್ದವರು, ಮಧುಮೇಹ ಇರುವವರು, ಗರ್ಭಿಣಿಯಾಗಿದ್ದಾಗ ಬಿಪಿ ಏರಿದ್ದವರು, ಮದ್ಯ ಸೇವಿಸುವವರು, ಗಟ್ಟಿಯಾಗಿ ಗೊರಕೆ ಹೊಡೆದು ನಿದ್ರೆಯಲ್ಲಿ ಉಸಿರು ಕಟ್ಟುವವರು ಇನ್ನೂ ಎಚ್ಚರದಿಂದಿರಬೇಕು. ಮಂಡಿನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಕೆಲವು ನೋವಿನ ಮಾತ್ರೆಗಳೂ ಒತ್ತಡವನ್ನು ಏರಿಸುತ್ತವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಹುಟ್ಟುವಾಗಿನ ತೂಕಕ್ಕೂ ಮುಂದಿನ ರಕ್ತದೊತ್ತಡಕ್ಕೂ ಸಂಬಂಧ ಇದೆಯೆಂದು ಯುರೋಪಿನ ಹಲವು ಅಧ್ಯಯನಗಳು ಹೇಳಿದ್ದವು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಜೋಪಾನವಾಗಿ ಇಟ್ಟಿದ್ದ ಹೆರಿಗೆ ದಾಖಲೆಗಳಿಂದಾಗಿ ಇದನ್ನು ಇಲ್ಲಿಯೂ ಪರೀಕ್ಷಿಸಲು ಸಾಧ್ಯವಾಯಿತು. ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ನಡುವಯಸ್ಸಿನ ನಂತರ ಹೃದ್ರೋಗ ಹೆಚ್ಚಾಗಿತ್ತು ಎಂದು 1996ರಲ್ಲಿ ಪ್ರಕಟವಾಯಿತು. ಆದರೆ ರಕ್ತದೊತ್ತಡದ ವಿಷಯದಲ್ಲಿ ಮೈಸೂರಿನ ಆ ಜನರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಬೇರೆ ದೇಶದ ಫಲಿತಾಂಶವನ್ನು ಹಾಗೆಯೇ ನಮ್ಮದೆಂದು ಒಪ್ಪಿಕೊಳ್ಳದೆ ಇಲ್ಲಿಯೇ ಅಳೆದು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅಳೆಯುವ ಮಾತು ಬಂದದ್ದರಿಂದ ಅದನ್ನೂ ಹೇಳುತ್ತೇನೆ. ಮನೆಗೆ ಬಂದಿದ್ದ ನನ್ನ ಚಿಕ್ಕಪ್ಪ ಮೆಟ್ಟಿಲು ಹತ್ತಿ ಬಂದವರೇ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಅಂಗಿಯ ತೋಳಿನ ಮೇಲೆಯೇ ಬಿಪಿ ಮೆಷಿನ್ನಿನ ಪಟ್ಟಿ ಸುತ್ತಿಸಿಕೊಂಡು, ಜಮೀನಿನ ಖಾತೆಯ ವಿಷಯ ಹೇಳುತ್ತಲೇ ಇದ್ದರು. ಮೆಷಿನ್ 148 ತೋರಿಸಿತು. “ಚಿಕ್ಕಪ್ಪ, ಐದು ನಿಮಿಷ ಮಾತಾಡದೆ ಕೂತ್ಕೊಳ್ಳಿ, ಆಮೇಲೆ ನೋಡೋಣ” ಎಂದು ಹೇಳಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳು ನೆಲಕ್ಕೆ ತಾಗುವಂತೆ ಕೂರಿಸಿ, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇರಿಸಿ, ಬರಿಯ ತೋಳಿಗೆ ಪಟ್ಟಿ ಸುತ್ತಿ ಮತ್ತೆ ಎರಡು ಬಾರಿ ನೋಡಿದೆವು. ಆಗ ಬಂದದ್ದು 134, 132. ಮೊದಲ ಅಂಕಿಯನ್ನು ನಂಬಿದ್ದರೆ ಅವರು ಹೆದರುತ್ತಿದ್ದರು. ಎರಡನೆಯದನ್ನು ಕಂಡು ಅವರು ‘ಸದ್ಯ, ಏನೂ ಇಲ್ಲ’ ಎಂದದ್ದೂ ಸರಿಯಲ್ಲ. ಕಾಫಿ, ಬೀಡಿ, ಸಿಗರೇಟಿನ ನಂತರ ಅರ್ಧ ಗಂಟೆಯಾದರೂ ಬಿಟ್ಟು, ಮೂತ್ರ ವಿಸರ್ಜನೆ ಮಾಡಿ ಬಂದು, ಬೇರೆ ಬೇರೆ ದಿನಗಳಲ್ಲಿ ಅಳೆದು, ತಾರೀಖಿನೊಂದಿಗೆ ಬರೆದಿಟ್ಟ ಅಂಕಿಗಳಿಂದ ಮಾತ್ರ ಯಾರು ಯಾವ ಹಂತದಲ್ಲಿದ್ದಾರೆ ಎಂದು ತಿಳಿಯುತ್ತದೆ. ಶಿಬಿರದಲ್ಲಿ ಈಗ ನಾನು ಚೀಟಿಯಲ್ಲಿ ಎರಡೂ ಸಂಖ್ಯೆಗಳನ್ನು ದೊಡ್ಡದಾಗಿ ಬರೆದು, 120/80 ದಾಟಿದ ಎಲ್ಲರಿಗೂ ವರ್ಷದೊಳಗೆ ಮತ್ತೆ ನೋಡಿಸಿಕೊಳ್ಳಲು ಹೇಳುತ್ತೇನೆ.

ಈ ಹಂತದಲ್ಲಿಯೇ ಮಾತ್ರೆ ಆರಂಭಿಸಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. 2006ರಲ್ಲಿ ಪ್ರಕಟವಾದ ಟ್ರೋಫಿ ಎಂಬ ಪ್ರಯೋಗದಲ್ಲಿ ಪೂರ್ವಹಂತದ ಮೇಲ್ಭಾಗದಲ್ಲಿದ್ದವರಿಗೆ ಎರಡು ವರ್ಷ ಕ್ಯಾಂಡಿಸಾರ್ಟನ್ ಮಾತ್ರೆ ಕೊಟ್ಟು ನಂತರ ನಿಲ್ಲಿಸಿದರು. ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಅಧಿಕ ರಕ್ತದೊತ್ತಡಕ್ಕೆ ಒಳಗಾದವರು ಸುಮಾರು ಶೇ. 14 ಮಾತ್ರ, ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ಅದು ಶೇ. 40. ಮಾತ್ರೆ ನಿಲ್ಲಿಸಿ ಎರಡು ವರ್ಷವಾಗುವಷ್ಟರಲ್ಲಿ ಅಂತರ ಕಿರಿದಾಗಿ, ಅಂಕಿಗಳು ಶೇ. 53 ಮತ್ತು ಶೇ. 63ಕ್ಕೆ ಬಂದು ನಿಂತವು. ಆದ್ದರಿಂದ ಬೇರೆ ಕಾಯಿಲೆಯಿಲ್ಲದ ಹೆಚ್ಚಿನವರಿಗೆ ಈ ಹಂತದಲ್ಲಿ ವೈದ್ಯರು ಮಾತ್ರೆ ಬರೆಯುವುದಿಲ್ಲ. ಉಪ್ಪು, ತೂಕ, ನಡಿಗೆ, ಮದ್ಯದ ಕಡೆಗೇ ಗಮನ ಕೊಡಲು ಹೇಳುತ್ತಾರೆ. ಮಧುಮೇಹ, ಮೂತ್ರಪಿಂಡದ ತೊಂದರೆ ಅಥವಾ ಹೃದ್ರೋಗ ಇರುವವರ ವಿಷಯ ಬೇರೆ. ಅವರಿಗೆ 130 ದಾಟಿದ ಅಂಕಿಯೂ ಚಿಕಿತ್ಸೆಯ ವಿಷಯವೇ ಆಗಬಹುದಾದ್ದರಿಂದ, ಬರೆದಿಟ್ಟ ಅಂಕಿಗಳ ಹಾಳೆಯನ್ನು ಮುಂದಿನ ಭೇಟಿಯಲ್ಲಿ ವೈದ್ಯರ ಮುಂದಿಟ್ಟು ಕೇಳಬೇಕು. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಈಗ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಮೂತ್ರಪಿಂಡದ ತೊಂದರೆ ಇರುವವರು ಅದನ್ನು ವೈದ್ಯರ ಒಪ್ಪಿಗೆಯಿಲ್ಲದೆ ಬಳಸಬಾರದು.